ಪಿಎಚ್.ಡಿ.ಗೆ ಒಂದು ಟಾಪಿಕ್ ಕೊಡ್ರಿ ಸರ್

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 37. ಡಿ.ಎಡ್. ಆದಮೇಲೆ ಬಿ.ಎ., ಬಿ.ಎಡ್. ಮಾಡಿಕೊಂಡೆ. ಕನ್ನಡ ಎಂ.ಎ. ಕೂಡ ಇದೆ, ಆದರೆ ಶೇ 52 ಮಾತ್ರ. ಶಿಕ್ಷಣ ವಿಷಯದಲ್ಲಿ ಪಿಎಚ್.ಡಿ. ಮಾಡುವ ಆಸೆ. ಅದಕ್ಕೆ ಎಂ.ಎಡ್. ಮಾಡಲೋ, ಎಂ.ಎ. ಎಜುಕೇಶನ್ ಮಾಡಲೋ? ನೌಕರಿ ಬಿಡದೆ ಆಗುತ್ತಾ? ದೀಪಾವಳಿ ಮುಗಿದಮೇಲೆ ನಮ್ಮ ಶಾಲೆಯ ಅರ್ಧ ಮಕ್ಕಳು ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಹೋಗಿಬಿಡುತ್ತಾರೆ. ಆ ನಾಲ್ಕು ತಿಂಗಳು ಸ್ವಲ್ಪ ಬಿಡುವು ಸಿಗುತ್ತದೆ, ಆಗ ಓದಬಹುದು ಅಂದುಕೊಂಡಿದ್ದೇನೆ. ಇಬ್ಬರು ಮಕ್ಕಳಿದ್ದಾರೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದು ಒಳ್ಳೆ ಟಾಪಿಕ್ ಕೊಡಿ ಸರ್.

ಉತ್ತರ: ಟಾಪಿಕ್ ನಾನು ಕೊಡುವುದು ಏನೂ ಇಲ್ಲ. ನೀವೇ ಬರೆದು ಕಳಿಸಿದ್ದೀರಿ, ಅದೂ ಬಿಡುವಿನ ಲೆಕ್ಕದಲ್ಲಿ! ಅರ್ಧ ಮಕ್ಕಳು ಶಾಲೆಯಲ್ಲೇ ಇಲ್ಲ ಅಂದರೆ ಶಿಕ್ಷಣದ ಸಂಶೋಧಕರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೇನು ಬೇಕು? ನೀವು ಆ ಸಾಲನ್ನು ದಾಟಿ ಮುಂದೆ ಹೋಗಿ ಟಾಪಿಕ್ ಕೇಳಿದ್ದೀರಿ. ನಿಮ್ಮನ್ನು ಬೈಯುತ್ತಿಲ್ಲ. ನಾನು ಮೂವತ್ತು ವರ್ಷ ಈ ಭಾಗದಲ್ಲೇ ಬಿ.ಎಡ್., ಎಂ.ಎಡ್. ಮಕ್ಕಳಿಗೆ ಪಾಠ ಮಾಡಿದವನು, ಗೈಡ್ ಆಗಿದ್ದವನು. ಶಾಲೆಯಿಂದ ಬಂದ ಶಿಕ್ಷಕರೆಲ್ಲ ಹೀಗೇ ಮಾಡುತ್ತಾರೆ. ಶಾಲೆಯಲ್ಲಿ ದಿನಾ ಕಣ್ಣಿಗೆ ಬೀಳುವುದನ್ನು ಹೊರಗೇ ಬಿಟ್ಟು, ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ವಿಷಯ ಕೇಳುತ್ತಾರೆ.

ಅದರ ಬಗ್ಗೆ ಆಮೇಲೆ ಜಾಸ್ತಿ ಮಾತಾಡೋಣ. ಮೊದಲು ಡಿಗ್ರಿಯ ಮಾತು ಮುಗಿಸಿಬಿಡುತ್ತೇನೆ.

ಎಂ.ಎಡ್. ಅನ್ನುವುದು ಶಿಕ್ಷಕರನ್ನು ತಯಾರು ಮಾಡುವವರಿಗಾಗಿ ಇರುವ ವೃತ್ತಿ ಕೋರ್ಸು. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ ನಿಯಮದಡಿ ನಡೆಯುತ್ತದೆ. 2014ರ ನಿಯಮಾವಳಿ ಬಂದಮೇಲೆ ಅದು ಎರಡು ವರ್ಷದ್ದಾಯಿತು. ಬಿ.ಎಡ್.ನಲ್ಲಿ ಶೇ 50 ಅಂಕ ಬೇಕು. ಥಿಯರಿಗೆ ಶೇ 80, ಕ್ಷೇತ್ರಕಾರ್ಯಕ್ಕೆ ಶೇ 90 ಹಾಜರಿ ಕಡ್ಡಾಯ. ವರ್ಷಕ್ಕೆ 200 ಕೆಲಸದ ದಿನ. ಅಂದರೆ ಇಂಡಿ ಕಡೆಯ ಶಾಲೆಯಲ್ಲಿ ಪಾಠ ಮಾಡುತ್ತಾ ವಿಜಯಪುರದ ತೊರವಿಯ ವಿಶ್ವವಿದ್ಯಾಲಯದಲ್ಲೂ ಹಾಜರಿ ಹಾಕಿಸಿಕೊಳ್ಳುವುದು ಆಗುವ ಮಾತಲ್ಲ. ರಜೆ ಮಂಜೂರಾಗಿ ಬಂದರೆ ಮಾತ್ರ ಎಂ.ಎಡ್. "ಹಾಜರಿ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದ್ರ ಸಾಕು" ಅನ್ನುವವರು ನಿಮಗೆ ಸಿಗುತ್ತಾರೆ. ನೀವು ಸರ್ಕಾರಿ ನೌಕರರು. ಒಂದೇ ದಿನ ಎರಡು ಊರಿನ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಇದ್ದರೆ ಮುಂದೆ ಯಾರೋ ಒಬ್ಬರು ಅರ್ಜಿ ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಂಥ ಸಹವಾಸ ಬೇಡ.

ಎಂ.ಎ. ಎಜುಕೇಶನ್ ಬೇರೆ ಥರದ್ದು. ಅದು ಸಮಾಜಶಾಸ್ತ್ರ, ಇತಿಹಾಸದ ಎಂ.ಎ. ಇದ್ದಹಾಗೆ, ಶಿಕ್ಷಣವನ್ನು ಒಂದು ವಿಷಯವಾಗಿ ಓದುವುದು. ಅದನ್ನು ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಕೂತು ಓದಬಹುದು. ಎರಡರಲ್ಲಿ ಯಾವುದು ಮಾಡಿದರೂ ಶಿಕ್ಷಣ ವಿಷಯದಲ್ಲಿ ನೆಟ್ (ಕಾಲೇಜು ಅಧ್ಯಾಪಕರಾಗಲು ಇರುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು. ಪಿಎಚ್.ಡಿ.ಗೆ ಯಾವುದು ನಡೆಯುತ್ತದೆ ಅನ್ನುವುದನ್ನು ಮಾತ್ರ ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ಒಮ್ಮೆ ನೋಡಿಕೊಂಡೇ ಮುಂದುವರಿಯಿರಿ.

ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಇನ್ನೊಂದು ಲೆಕ್ಕ ಇದೆ. ಶಿಕ್ಷಣದ ತಾತ್ವಿಕ, ಮನೋವೈಜ್ಞಾನಿಕ ವಿಷಯಗಳನ್ನು ಕಲಿಸುವ ಹುದ್ದೆಗೆ ಬಿ.ಎಡ್. ಜೊತೆ ಎಂ.ಎ. ಎಜುಕೇಶನ್ ಇದ್ದರೂ ಎನ್‌ಸಿಟಿಇ ಒಪ್ಪುತ್ತದೆ, ಎರಡರಲ್ಲೂ ಶೇ 55 ಇರಬೇಕು. ಕನ್ನಡ ಬೋಧನಾ ಪದ್ಧತಿ ಕಲಿಸುವ ಹುದ್ದೆಗೆ ಕನ್ನಡ ಎಂ.ಎ.ಯಲ್ಲಿ ಶೇ 55 ಮತ್ತು ಎಂ.ಎಡ್.ನಲ್ಲಿ ಶೇ 55 ಕೇಳುತ್ತಾರೆ. ನಿಮ್ಮ ಶೇ 52 ಅಡ್ಡ ಬರುವುದು ಅಲ್ಲಿ. ಶಿಕ್ಷಣದ ಪಿಎಚ್.ಡಿ.ಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಸುಮ್ನೆ ಅದರ ಬಗ್ಗೆ ಕೊರಗಬೇಡಿ. ಹೊಸದಾಗಿ ಮಾಡುವ ಎಂ.ಎ. ಅಥವಾ ಎಂ.ಎಡ್.ನಲ್ಲಿ ಶೇ 55 ದಾಟಿ. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ ಶೇ 50 ಸಾಕು.

ನನ್ನನ್ನು ಕೇಳಿದರೆ, ನಿಮ್ಮ ಸ್ಥಿತಿಗೆ ಎಂ.ಎ. ಎಜುಕೇಶನ್ ಸರಿ. ಒಂದೇ ಬೇಜಾರು. ಎಂ.ಎಡ್.ನಲ್ಲಿ ಕಡ್ಡಾಯವಾಗಿ ಒಂದು ಪ್ರಬಂಧ ಬರೆಸುತ್ತಾರೆ. ಎರಡನೇ ವರ್ಷ ನಿದ್ದೆಗೆಟ್ಟು, ಗೈಡ್ ಹತ್ತಿರ ಬೈಸಿಕೊಂಡು, ಐವತ್ತು ಮಕ್ಕಳ ಉತ್ತರಗಳನ್ನು ಕೈಯಲ್ಲೇ ಲೆಕ್ಕ ಹಾಕುವ ಆ ಅನುಭವ ಪಿಎಚ್.ಡಿ.ಗೆ ಒಳ್ಳೆಯ ತಾಲೀಮು. ನೀವು ಅದನ್ನು ಬೇರೆ ದಾರಿಯಿಂದ ಗಳಿಸಬೇಕು. ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಈಗ ಪಿಎಚ್.ಡಿ. ನಿಯಮ. ಇದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ್ದು. ಪಿಎಚ್.ಡಿ.ಗೆ ಮುಂಚೆ ಮಾಡುತ್ತಿದ್ದ ಎಂ.ಫಿಲ್. ಹೋಯಿತು. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2. ಮಹಿಳೆಯರಿಗೆ ಮತ್ತೆ 2 ವರ್ಷ ಹೆಚ್ಚು, ಒಟ್ಟು 10 ಮೀರಬಾರದು. ಹೆರಿಗೆ ಮತ್ತು ಮಕ್ಕಳ ಪಾಲನೆಗೆ 240 ದಿನದವರೆಗೆ ರಜೆಯೂ ಇದೆ. ಇಷ್ಟು ಕಾಲಾವಕಾಶ ಇರುವಾಗ 37 ಒಂದು ವಯಸ್ಸೇ ಅಲ್ಲ. ಫೆಲೋಶಿಪ್, ಅಂದರೆ ಸಂಶೋಧನೆಗೆ ಕೊಡುವ ಸಹಾಯಧನ, ಮಾತ್ರ ಕೈತಪ್ಪಿದೆ. ತಿಂಗಳಿಗೆ 37,000 ರೂಪಾಯಿ ಕೊಡುವ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಆ ಬಸ್ಸು ಹೋಗಿದೆ. ಪಿಎಚ್.ಡಿ. ಪ್ರವೇಶಕ್ಕೆ ಅಂತ ನೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ. 2024ರ ಜೂನ್‌ನಿಂದ ಆ ಅಂಕವನ್ನೇ ಪ್ರವೇಶಕ್ಕೂ ಬಳಸಬಹುದು, ನೆಟ್‌ಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಒಂದು ವರ್ಷ ಚಾಲ್ತಿ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಡೌನ್‌ಲೋಡ್ ಮಾಡಿ ದಿನಕ್ಕೆ ಹತ್ತು ಪ್ರಶ್ನೆ ಬಿಡಿಸಿ, ಗೊತ್ತಿಲ್ಲದ ಪದವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆರು ತಿಂಗಳಲ್ಲಿ ಮತ್ತೆ ಮತ್ತೆ ಅವೇ ಪದಗಳು ಬರುತ್ತಿವೆ ಅಂತ ನಿಮಗೇ ಗೊತ್ತಾಗುತ್ತದೆ.

ನೌಕರಿ ಮಾಡುತ್ತಾ ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದು "ಅಡ್ಡಿಯಿಲ್ಲ" ಅನ್ನುವ ಒಂದು ಸಾಲಿನ ಕಾಗದ ಆದರೆ ಸಾಲದು. ಮೂರು ಮಾತು ಅದರಲ್ಲಿ ಇರಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಕೊಟ್ಟಿದ್ದೇವೆ, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಶುರುವಿನ ತರಗತಿಗಳ ಕೋರ್ಸ್‌ವರ್ಕಿಗೆ ಬಿಡುಗಡೆ ಮಾಡುತ್ತೇವೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕ್ಲರ್ಕು ಹಳೆಯ ನಮೂನೆಯಲ್ಲಿ ಟೈಪ್ ಮಾಡಿ ಕೊಟ್ಟರೆ ವಾಪಸ್ ಮಾಡಿಸಿ, ಸರಿ ಮಾಡಿಸಿಕೊಂಡೇ ಬನ್ನಿ. ದೂರಶಿಕ್ಷಣದ ಪಿಎಚ್.ಡಿ., ಆನ್‌ಲೈನ್ ಪಿಎಚ್.ಡಿ. ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ, ಯುಜಿಸಿ ಅದನ್ನು ಒಪ್ಪುವುದಿಲ್ಲ.

ಎಲ್ಲಿ ಮಾಡಬೇಕು? ನಿಮಗೆ ಹತ್ತಿರದ್ದು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಶುರುವಾದದ್ದು, ಈಗ ತೊರವಿ ಕ್ಯಾಂಪಸ್ಸಿನಲ್ಲಿದೆ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ಇದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಹೆಸರು ನೋಡಿ ಆರಿಸಬೇಡಿ, ಗೈಡ್ ನೋಡಿ ಆರಿಸಿ. ಪ್ರೊಫೆಸರ್ ಒಬ್ಬರು ಒಂದು ಸಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನಕ್ಕೆ ಮಾತ್ರ ಮಾರ್ಗದರ್ಶನ ಮಾಡಬಹುದು. ಹಾಗಾಗಿ ಸೀಟು ಖಾಲಿ ಇರುವ ಗೈಡ್ ಸಿಗುವುದೇ ಕಷ್ಟ, ಸಿಕ್ಕವರ ಕಾಲಿಗೆ ಬೀಳುವ ಪರಿಸ್ಥಿತಿ. ಆದರೂ ಒಂದು ಕೆಲಸ ಮಾಡಿ. ಶೋಧಗಂಗಾ ಅನ್ನುವ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಗೈಡ್ ಆಗಬಹುದಾದವರ ಕೈಕೆಳಗೆ ಬಂದ ಎರಡು ಪ್ರಬಂಧ ಇಳಿಸಿಕೊಂಡು ಓದಿ. ಮೊದಲ ಅಧ್ಯಾಯ ಬೇಡ, ಅದರಲ್ಲಿ ಎಲ್ಲರೂ ವೇದಕಾಲದಿಂದ ಶುರು ಮಾಡುತ್ತಾರೆ. ನೇರ ನಾಲ್ಕನೇ ಅಧ್ಯಾಯಕ್ಕೆ ಹೋಗಿ. ಮಾಹಿತಿ ಹೇಗೆ ಕೂಡಿಸಿದ್ದಾರೆ, ಅದರಿಂದ ಏನು ಹೇಳಿದ್ದಾರೆ ನೋಡಿ. ಎರಡೂ ಪ್ರಬಂಧದಲ್ಲಿ ಜಿಲ್ಲೆಯ ಹೆಸರು ಬಿಟ್ಟು ಉಳಿದದ್ದೆಲ್ಲ ಒಂದೇ ಇದ್ದರೆ ನಿಮಗೆ ಉತ್ತರ ಸಿಕ್ಕಿತು ಅಲ್ವಾ?

ಈ ಮಾತಿಗೆ ನನ್ನದೇ ಕಥೆ ಹೇಳಬೇಕು. ನನ್ನ ಪಿಎಚ್.ಡಿ.ಗೆ ಪ್ರೌಢಶಾಲೆ ಮಕ್ಕಳ ಅಧ್ಯಯನ ಹವ್ಯಾಸದ ಮೇಲೆ ಒಂದು ಟೂಲ್ ಬಳಸಿದ್ದೆ. ಟೂಲ್ ಅಂದರೆ ಪ್ರಶ್ನಾವಳಿ. ಇಂಗ್ಲಿಷಿನಲ್ಲಿದ್ದದ್ದನ್ನು ನಾನೇ ಕನ್ನಡಕ್ಕೆ ತಂದೆ. ಅದರಲ್ಲಿ ಒಂದು ಹೇಳಿಕೆ ಹೀಗಿತ್ತು: "ಪ್ರತ್ಯೇಕ ಅಧ್ಯಯನ ಕೊಠಡಿ ಇಲ್ಲದಿರುವುದರಿಂದ ನನಗೆ ತೊಂದರೆಯಾಗುವುದಿಲ್ಲ." ಎದುರಿಗೆ ಐದು ಚೌಕ, ಪೂರ್ತಿ ಒಪ್ಪುತ್ತೇನೆ ಅನ್ನುವಲ್ಲಿಂದ ಪೂರ್ತಿ ಒಪ್ಪುವುದಿಲ್ಲ ಅನ್ನುವವರೆಗೆ. ಬಸವನ ಬಾಗೇವಾಡಿ ಕಡೆಯ ಒಂದು ಶಾಲೆಯಲ್ಲಿ ಮುಂದಿನ ಸಾಲಿನ ಹುಡುಗ ಎದ್ದು ನಿಂತ. "ಸರ್, ಕ್ವಾಣಿ ಇಲ್ರಿ. ತೊಂದ್ರಿನೂ ಇಲ್ರಿ. ಎಲ್ಲಿ ಟಿಕ್ ಹಾಕ್ಲಿ?" ನಾನು ಗಡಿಬಿಡಿಯಲ್ಲಿದ್ದೆ, ಮಧ್ಯಾಹ್ನ ಇನ್ನೊಂದು ಶಾಲೆ ಮುಗಿಸಬೇಕಿತ್ತು. ಬೆರಳಿಟ್ಟು ಒಂದು ಚೌಕ ತೋರಿಸಿದೆ. ಹಿಂದಿನವರೆಲ್ಲ ಅದನ್ನೇ ನೋಡಿ ಅದೇ ಚೌಕಕ್ಕೆ ಟಿಕ್ ಹಾಕಿದರು. ಆ ಹಾಳೆಗಳೆಲ್ಲ ಲೆಕ್ಕಕ್ಕೆ ಹೋದವು. ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಪರೀಕ್ಷೆಯಲ್ಲಿ ಟಿ-ಮೌಲ್ಯ 0.05 ಮಟ್ಟದಲ್ಲಿ ಸಾರ್ಥಕ ಅಂತ ಬಂತು. ಗುಂಪುಗಳ ನಡುವೆ ವ್ಯತ್ಯಾಸ ಇಲ್ಲ ಅನ್ನುವ ಪ್ರಾಕ್ಕಲ್ಪನೆ ತಿರಸ್ಕೃತವಾಯಿತು, ನನಗೆ ಡಾಕ್ಟರೇಟ್ ಬಂತು. ಆ ಹುಡುಗ ಈಗ ಎಲ್ಲಿದ್ದಾನೋ, ನನ್ನ ಪ್ರಬಂಧದಲ್ಲಿ ಅವನು ಮಾತ್ರ ಸರಿಯಾದ ಪ್ರಶ್ನೆ ಕೇಳಿದವನು.

ನಮ್ಮ ಕಡೆ ಶಿಕ್ಷಣದ ಪ್ರಬಂಧಗಳು ಬಹಳಷ್ಟು ಹೀಗೇ ಆಗಿವೆ. ಮೂರು ವೇರಿಯಬಲ್ (ಅಳೆಯುವ ಅಂಶ) ಹಿಡಿದುಕೊಳ್ಳುವುದು, 600 ಮಕ್ಕಳ ಸ್ಯಾಂಪಲ್, ಗಂಡು-ಹೆಣ್ಣು, ಹಳ್ಳಿ-ಪಟ್ಟಣ, ಸರ್ಕಾರಿ-ಅನುದಾನಿತ ಅಂತ ಹೋಳು ಮಾಡುವುದು, ಹೋಳಿಗೊಂದು ಟಿ-ಪರೀಕ್ಷೆ. ಸಂಖ್ಯಾಶಾಸ್ತ್ರದ ತಪ್ಪು ಅಲ್ಲ ಅದು. ಪ್ರಶ್ನೆ ಇಲ್ಲದೆ ಲೆಕ್ಕ ಮಾಡುವುದರ ತಪ್ಪು. 600 ಯಾಕೆ ಅಂತ ಕೇಳಿದರೆ ಕ್ರೆಜ್ಸಿ ಮತ್ತು ಮಾರ್ಗನ್ ಅವರ 1970ರ ಕೋಷ್ಟಕ ತೋರಿಸುತ್ತಾರೆ. ಆ ಕೋಷ್ಟಕದ ಪ್ರಕಾರ 1,000 ಜನ ಇದ್ದರೆ 278 ಸಾಕು, 10,000 ಇದ್ದರೂ 370 ಸಾಕು. ಆದರೆ ಅದು ಎಲ್ಲರ ಹೆಸರೂ ಒಂದು ಪಟ್ಟಿಯಲ್ಲಿದ್ದು, ಚೀಟಿ ಎತ್ತಿದ ಹಾಗೆ ಆರಿಸಿದಾಗ ಮಾತ್ರ ಅನ್ವಯ. ಬಸ್ ಹೋಗುವ ಊರಿನ ನಾಲ್ಕು ಶಾಲೆಗೆ ಹೋಗಿ ಸಿಕ್ಕವರಿಗೆಲ್ಲ ಹಾಳೆ ಹಂಚಿದರೆ ಕೋಷ್ಟಕದ ಹೆಸರು ಹೇಳುವಂತಿಲ್ಲ.

ನಿಮ್ಮ ಕಬ್ಬಿನ ಮಕ್ಕಳಿಗೆ ಬರುತ್ತೇನೆ. "ವಲಸೆ ಮಕ್ಕಳ ಶೈಕ್ಷಣಿಕ ಸಮಸ್ಯೆಗಳು: ಒಂದು ಅಧ್ಯಯನ" ಅಂತ ದಯವಿಟ್ಟು ಬರೆಯಬೇಡಿ. ಅದು ಸಾಗರ. ಬೊಗಸೆ ನೀರು ಸಾಕು.

ಒಂದು ಲೆಕ್ಕ ಹಾಕಿ ನೋಡಿ. ನವೆಂಬರ್‌ನಲ್ಲಿ ಕಬ್ಬು ಕಡಿಯುವವರ ಗ್ಯಾಂಗ್ ಹೊರಡುತ್ತದೆ. ಮಾರ್ಚ್ ಹೊತ್ತಿಗೆ, ಕಾರ್ಖಾನೆ ನಿಂತಮೇಲೆ ವಾಪಸ್. ಮಕ್ಕಳು ಬಂದ ಎರಡು ವಾರಕ್ಕೆ ಪರೀಕ್ಷೆ, ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ನೀವು ನಾಲ್ಕು ತಿಂಗಳು ಅಂದಿರಿ. ಪಾಠದ ಲೆಕ್ಕದಲ್ಲಿ ಅದು ಏಳು ತಿಂಗಳು. ಜೂನ್‌ನಲ್ಲಿ ಆ ಮಗು ಮುಂದಿನ ತರಗತಿಯಲ್ಲಿ ಕೂತಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಇದ್ದೇ ಇದೆ, ಸರ್ಕಾರದ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆಯೂ ಇದೆ. ಅಂಕಿಅಂಶದಲ್ಲಿ ಆ ಮಗು ಶಾಲೆ ಬಿಟ್ಟಿಲ್ಲ. ಇಷ್ಟರಲ್ಲೇ ಒಂದು ಪಿಎಚ್.ಡಿ. ಇದೆ: ಪುಸ್ತಕದಲ್ಲಿರುವ ಹಾಜರಿಗೂ ಬೆಂಚಿನ ಮೇಲಿನ ಹಾಜರಿಗೂ ನಡುವೆ ಏನಾಗುತ್ತದೆ?

ಇನ್ನೊಂದು. ನನ್ನ ಕೈಕೆಳಗೆ ಎಂ.ಎಡ್. ಪ್ರಬಂಧ ಬರೆಯುತ್ತಿದ್ದ ಒಬ್ಬ ಶಿಕ್ಷಕಿಯ ಜೊತೆ ನಾನು ಒಂದು ಶಾಲೆಗೆ ಹೋಗಿದ್ದೆ. ಹೀಗೇ ವಾಪಸ್ ಬಂದಿದ್ದ ಐದನೇ ತರಗತಿ ಹುಡುಗಿ. ಎರಡನೇ ತರಗತಿ ಪುಸ್ತಕದ ಪ್ಯಾರಾ ಕೊಟ್ಟರೆ ಅಕ್ಷರಕ್ಕೊಂದು ಸಲ ನಿಲ್ಲುತ್ತಿದ್ದಳು. ಹೊರಗೆ ಬಂದು ಮಾತಾಡಿಸಿದೆವು. ಅವರಪ್ಪ ಮುಕಾದಮನ (ಗ್ಯಾಂಗ್ ಕರೆದೊಯ್ಯುವ ಮೇಸ್ತ್ರಿಯ) ಹತ್ತಿರ ಎಷ್ಟು ಅಡ್ವಾನ್ಸ್ ತಗೊಂಡಿದ್ದ, ದಿನಕ್ಕೆ ಎಷ್ಟು ಟನ್ ಕಡಿದರು, ಇನ್ನೆಷ್ಟು ತೀರಬೇಕು, ಎಲ್ಲ ಬಾಯಲ್ಲೇ ಲೆಕ್ಕ. ನಡುನಡುವೆ ಎಣಿಕೆ ಮರಾಠಿಗೆ ಹೊರಳುತ್ತಿತ್ತು, ಏಕ, ದೋನ, ತೀನ ಅಂತ. ನಮ್ಮ ಪ್ರಶ್ನಾವಳಿಯಲ್ಲಿ ಇದಕ್ಕೆಲ್ಲ ಚೌಕ ಇರಲಿಲ್ಲ. "ಓದು: ದುರ್ಬಲ" ಅಂತ ಟಿಕ್ ಹಾಕಿ ಬಂದೆವು. ನೀವು ಮಾಡಬೇಕಾದದ್ದು ಚೌಕದ ಹೊರಗಿನದ್ದನ್ನು. ಹೋದ ಮಗು ಏನು ಮರೆತು ಬಂತು ಅಂತ ಎಲ್ಲರೂ ಅಳೆಯುತ್ತಾರೆ. ಏನು ಕಲಿತು ಬಂತು, ಅದನ್ನು ನಿಮ್ಮ ಗಣಿತದ ಪಾಠ ಬಳಸಿಕೊಳ್ಳುತ್ತದೆಯೇ ಇಲ್ಲವೇ ಅನ್ನುವುದು ನಿಮ್ಮ ಪ್ರಶ್ನೆ ಆಗಬಹುದು.

ಹೋಲಿಕೆ ಮಾಡುವಾಗ ಒಂದು ಎಚ್ಚರ. ಹೋದ ಮಕ್ಕಳು ಒಂದು ಗುಂಪು, ಅಜ್ಜಿ ಹತ್ತಿರ ಊರಲ್ಲೇ ಉಳಿದವರು ಇನ್ನೊಂದು ಗುಂಪು, ಎರಡನ್ನೂ ಹೋಲಿಸಿ ವಲಸೆಯ ಪರಿಣಾಮ ಇಷ್ಟು ಅಂತ ಹೇಳುವ ಆಸೆ ಆಗುತ್ತದೆ. ಉಳಿದವರಿಗೆ ನೋಡಿಕೊಳ್ಳುವ ಅಜ್ಜಿ ಇದ್ದಾಳೆ, ಬಹುಶಃ ಒಂದಿಷ್ಟು ಹೊಲ ಇದೆ. ಹೋದವರಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳಲು ಅಂತಲೇ ದೊಡ್ಡ ಹುಡುಗಿಯನ್ನು ಕರೆದುಕೊಂಡು ಹೋಗಿರುತ್ತಾರೆ. ಎರಡು ಗುಂಪು ಹೊರಡುವ ಮುಂಚೆಯೇ ಬೇರೆ ಬೇರೆ. ಹಾಗಾಗಿ ಗುಂಪಿಗೆ ಗುಂಪು ಹೋಲಿಸುವುದಕ್ಕಿಂತ ಪ್ರತಿ ಮಗುವನ್ನೂ ಹೋಗುವ ಮುಂಚಿನ ಅದೇ ಮಗುವಿನ ಜೊತೆ ಹೋಲಿಸಿ. ಇದಕ್ಕೆ 600 ಮಕ್ಕಳು ಬೇಡ. ಮೂರು ಶಾಲೆಯ ನಲವತ್ತು ಮಕ್ಕಳನ್ನು ಎರಡು ವರ್ಷ ಬಿಡದೆ ಹಿಂಬಾಲಿಸಿದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಯಾರೂ ನಿಮ್ಮನ್ನು ಅಲುಗಾಡಿಸಲಾರರು. ಸಾಧ್ಯವಾದರೆ ಒಮ್ಮೆ ಅವರು ಇರುವ ಗುಡಿಸಲಿಗೇ ಹೋಗಿ ಬನ್ನಿ. ಮಹಾರಾಷ್ಟ್ರದ ಕಡೆ ಕೆಲವು ಕಾರ್ಖಾನೆಗಳ ಹತ್ತಿರ ಕಬ್ಬು ಕಡಿಯುವವರ ಮಕ್ಕಳಿಗೆ ಸಾಖರ ಶಾಳಾ (ಸಕ್ಕರೆ ಶಾಲೆ) ಅಂತ ನಡೆಸುತ್ತಿದ್ದರು. ಅಲ್ಲಿ ಪಾಠ ಮರಾಠಿಯಲ್ಲಿ. ಇಂಡಿಯ ಮಗುವಿಗೆ ಅದರಿಂದ ಏನು ಸಿಕ್ಕೀತು ಅಂತ ನೀವೇ ನೋಡಬಹುದು.

ನೀವು ಆ ಮಕ್ಕಳ ಅಕ್ಕೋರು ಅನ್ನುವುದನ್ನೂ ಮರೆಯಬೇಡಿ. ನೀವು ಕೇಳಿದರೆ ಯಾವ ಮಗುವೂ ಇಲ್ಲ ಅನ್ನುವುದಿಲ್ಲ, ಹೆಬ್ಬೆಟ್ಟು ಒತ್ತುವ ತಾಯಿಯೂ ಅನ್ನುವುದಿಲ್ಲ. ಹಾಗಾಗಿ ಒಪ್ಪಿಗೆ ಕೇಳುವಾಗ ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು, ಬೇಡ ಅಂದರೂ ನಡೆಯುತ್ತದೆ ಅಂತ ಅವರ ಮಾತಲ್ಲೇ ಹೇಳಿ. ಪ್ರಬಂಧದಲ್ಲಿ ಮಗುವಿನ ಹೆಸರೂ ಬೇಡ, ಊರಿನ ಹೆಸರೂ ಬೇಡ. ಅಪ್ಪ ತಗೊಂಡ ಅಡ್ವಾನ್ಸ್ ಎಷ್ಟು ಅಂತ ಅಚ್ಚಾದರೆ ಮುಕಾದಮನೂ ಓದಬಹುದು.

ಕನ್ನಡದಲ್ಲಿ ಬರೆಯಬಹುದೇ? ನೋಂದಣಿಗೆ ಮುಂಚೆ ಆ ವಿಶ್ವವಿದ್ಯಾಲಯದ ಪಿಎಚ್.ಡಿ. ನಿಯಮದಲ್ಲಿ ಭಾಷೆಯ ಕಲಂ ಓದಿ, ಗೈಡ್ ಒಪ್ಪುತ್ತಾರಾ ಬಾಯಿಬಿಟ್ಟು ಕೇಳಿ. ಒಪ್ಪಿದರೆ ಕನ್ನಡದಲ್ಲೇ ಬರೆಯಿರಿ. ಮಕ್ಕಳು ಹೇಳಿದ್ದನ್ನು ಅವರ ಮಾತಲ್ಲೇ ಇಡಬಹುದು, "ಕ್ವಾಣಿ"ಯನ್ನು "ಪ್ರತ್ಯೇಕ ಅಧ್ಯಯನ ಕೊಠಡಿ" ಮಾಡಬೇಕಾಗಿಲ್ಲ. ಓದುವುದಕ್ಕೆ ಮಾತ್ರ ಇಂಗ್ಲಿಷ್ ಬೇಕೇ ಬೇಕು, ಅದರಿಂದ ಬಿಡುಗಡೆ ಇಲ್ಲ. ಇನ್ನು ಪ್ರಬಂಧ ಬರೆದುಕೊಡುವ ಅಂಗಡಿಗಳ ಮಾತು. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10 ದಾಟಿದರೆ 2018ರ ಯುಜಿಸಿ ನಿಯಮದ ಪ್ರಕಾರ ತಿದ್ದಿ ತರಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಕನ್ನಡದಲ್ಲಿ ಬರೆದರೆ ಸಾಫ್ಟ್‌ವೇರ್‌ಗೆ ಸಿಗಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಪರೀಕ್ಷಕರಿಗೆ ಸಿಗುತ್ತದೆ. ನನಗೇ ಒಮ್ಮೆ ನನ್ನದೇ ಪ್ಯಾರಾ, ನನ್ನದೇ ಕಾಗುಣಿತದ ತಪ್ಪಿನ ಸಮೇತ, ಮೌಲ್ಯಮಾಪನಕ್ಕೆ ಬಂದಿತ್ತು.

ಎಂ.ಎಡ್. ಪ್ರಬಂಧದ ತಾಲೀಮು ಬೇರೆ ದಾರಿಯಿಂದ ಗಳಿಸಬೇಕು ಅಂದೆನಲ್ಲ, ಅದು ಇದು. ಪ್ರವೇಶ, ಗೈಡ್, ಅನುಮತಿ ಎಲ್ಲ ಆಗಲು ಒಂದೆರಡು ವರ್ಷ ಬೇಕು. ಅಲ್ಲಿಯವರೆಗೆ ಕಾಯಬೇಡಿ. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರದಿಂದಲೇ ನಾಲ್ಕನೇ, ಐದನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಒಂದು ಪ್ಯಾರಾ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ, ಮಗುವಿಗೆ ಒಂದು ಪುಟದಂತೆ ಬರೆದಿಡಿ. ಶನಿವಾರ ಬೆಳಗಿನ ಶಾಲೆ ಮುಗಿದಮೇಲೆ ಒಂದು ತಾಸು ಕೂತರೆ ನಾಲ್ಕೈದು ಮಕ್ಕಳು ಮುಗಿಯುತ್ತಾರೆ. ಕಬ್ಬಿಗೆ ಹೋಗುವ ಮನೆಯ ಮಕ್ಕಳದ್ದು ಮೊದಲು ಮುಗಿಸಿ. ಮಾರ್ಚ್‌ನಲ್ಲಿ ವಾಪಸ್ ಬಂದಾಗ ಅದೇ ಪ್ಯಾರಾ, ಅದೇ ಲೆಕ್ಕ, ಪಕ್ಕದ ಪುಟದಲ್ಲಿ. ಟ್ರ್ಯಾಕ್ಟರ್ ಹೊರಟಮೇಲೆ ನೆನಪಾದರೆ ಮುಂದಿನ ವರ್ಷದವರೆಗೂ ಆ ಮೊದಲ ಪುಟ ಸಿಗುವುದಿಲ್ಲ.